ಗಸ್ತಿನ ಕಾರಿನ ಕೆಂಡ

ಪೊಲೀಸು ಗಸ್ತಿಗೆ ಕಾರು ಹೊಂದುತ್ತದೋ ಇಲ್ಲವೋ ಅನ್ನುವುದು ದೊಡ್ಡವರು ಕುರ್ಚಿ ಮೇಲೆ ಕೂತು ತೀರ್ಮಾನ ಮಾಡುವ ವಿಷಯ. ನನಗೆ ಮಾತ್ರ ಅದು ಎಡಗಾಲಿನ ಮೊಣಕಾಲಿನ ವಿಷಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲ ಅದು. ನಾನು ಮದ್ದೂರು ಠಾಣೆಯಲ್ಲಿ ಪೇದೆ. ಮಂಡ್ಯ ಆಗಿನ್ನೂ ಹೊಸ ಜಿಲ್ಲೆ, ಅಲ್ಲಿನ ಕಚೇರಿಗಳಲ್ಲಿ ಸುಣ್ಣದ ವಾಸನೆ ಹೋಗಿರಲಿಲ್ಲ. ನಮ್ಮ ಕೆಲಸದಲ್ಲಿ ಹೊಸದು ಅಂತ ಏನೂ ಇರಲಿಲ್ಲ. ನಡೆಯೋದು, ಮತ್ತೆ ನಡೆಯೋದು, ಅಷ್ಟೇ. ಕಾಲಿಗೆ ಪಟ್ಟಿ ಸುತ್ತಿಕೊಂಡು ಬೆಳಗಾಗುತ್ತಲೇ ಹೊರಟರೆ ಮಳವಳ್ಳಿ ದಾರಿಯ ಊರೂರಿಗೂ ಹೋಗಿ, ಪಟೇಲನ ಮುಖ ನೋಡಿ, ತಳವಾರನನ್ನು ಹುಡುಕಿ, ಎಲ್ಲ ಕ್ಷೇಮವೇ ಅಂತ ಕೇಳಿ, ಅವರು ಕ್ಷೇಮ ಅಂದರೆ ಮುಂದಿನ ಊರಿಗೆ ಹೊರಡಬೇಕು. ಅವರು ಯಾವಾಗಲೂ ಕ್ಷೇಮ ಅಂತಲೇ ಅನ್ನೋರು. ನಿಜ ಹೇಳಿದರೆ ನಾವು ಅಲ್ಲೇ ಉಳಿದು ಊಟಕ್ಕೆ ಕೂರುತ್ತೇವಲ್ಲ, ಅದಕ್ಕೆ.

ಆಗ ನಮ್ಮ ಕಡೆ ಎತ್ತುಗಳ ಕಳ್ಳತನ ಜಾಸ್ತಿಯಾಗಿತ್ತು. ಕೊಟ್ಟಿಗೆಯಿಂದ ಬಿಚ್ಚಿದ ಜೋಡಿ ಗದ್ದೆ ಬದುವಿನ ಮೇಲೇ ಊರು ದಾಟಿ, ಹಲಗೂರು ಆಚೆಯ ಕಾಡು ಸೇರಿಬಿಟ್ಟರೆ ಮುಗಿಯಿತು. ಎತ್ತು ಹೋದ ಮನೆಯವರ ಮುಖ ನೋಡಲಾಗುತ್ತಿರಲಿಲ್ಲ. ಮನೆಮಗ ಸತ್ತಂತೆ ಕೂತಿರೋರು. ಅಂಥ ಒಬ್ಬ ಕಳ್ಳನನ್ನು ಶಿಂಷಾ ಹೊಳೆಯ ಬಂಡೆಗಳ ಮೇಲೆ ಅಟ್ಟಿಸಿಕೊಂಡು ಹೋದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟೆ. ಕಳ್ಳ ಸಿಗಲಿಲ್ಲ, ಮೊಣಕಾಲು ಹೋಯಿತು.

ಮಂಡ್ಯದ ಡಾಕ್ಟರು ಕಾಲನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನನ್ನ ಕಣ್ಣಲ್ಲಿ ನೀರು ತರಿಸಿದರು. ಆಮೇಲೆ ಮೆತ್ತಗೆ ಹೇಳಿದರು, "ಇನ್ನು ನಡೆಯೋ ಕೆಲಸ ನಿನ್ನ ಕೈಲಾಗಲ್ಲಪ್ಪ. ಅದನ್ನ ನಾನು ಬರೆದುಕೊಟ್ಟರೆ ನಿನ್ನನ್ನ ಮನೆಗೆ ಕಳಿಸ್ತಾರೆ. ಸದ್ಯಕ್ಕೆ ಬರೆಯಲ್ಲ. ಕೂತು ಮಾಡೋ ಕೆಲಸ ಏನಾದ್ರೂ ಇದ್ದರೆ ನೋಡಿಕೋ."

ಮನೆ ಅಂದರೆ ಯಾವುದು? ಠಾಣೆಯ ಹಿಂದಿನ ಪೊಲೀಸ್ ಲೈನಿನ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನನ್ನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಕೆಲಸ ಇರುವವರೆಗೆ ಆ ಸೂರು. ಪಿಂಚಣಿಗೆ ಬೇಕಾದ ವರ್ಷ ಇನ್ನೂ ತುಂಬಿರಲಿಲ್ಲ. ಊರಿನಲ್ಲಿ ನನ್ನದು ಅಂತ ಒಂದು ಬದುವೂ ಇರಲಿಲ್ಲ. ಇಷ್ಟನ್ನು ಎದೆಯಲ್ಲಿಟ್ಟುಕೊಂಡು ನಾನು ದಿನಾ ಕುಂಟುತ್ತ ಗಸ್ತಿಗೆ ಹೋಗುತ್ತಿದ್ದೆ. ನಮ್ಮ ಇನ್‌ಸ್ಪೆಕ್ಟರು ಎದುರಿಗೆ ಬಂದರೆ ನೆಟ್ಟಗೆ ನಡೆಯುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಇನ್‌ಸ್ಪೆಕ್ಟರು ಬಾಯಿ ಬಿಟ್ಟರೆ ಬೈಗುಳ, ಆದರೆ ಕರುಳಿದ್ದ ಮನುಷ್ಯ. ಒಂದು ದಿನ ಕರೆದರು. ಠಾಣೆಯ ಮುಂದೆ ಹಳೆಯ ಕಾರೊಂದು ನಿಂತಿತ್ತು. ಯಾರೋ ಶ್ರೀಮಂತರು ಸಾಕಾಗಿ ಬಿಟ್ಟದ್ದು, ಮೇಲಿನ ಬಟ್ಟೆ ಹರಿದು ಜೋತಾಡುತ್ತಿತ್ತು. ಹಿಂದುಗಡೆ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು ಕಟ್ಟಿದ್ದರು. ಯುದ್ಧದಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲೇ ಓಡುತ್ತಿದ್ದವು. ಇದೂ ಆ ಜಾತಿಯದೇ.

"ನೋಡಯ್ಯ, ಇದನ್ನ ಪರೀಕ್ಷೆಗೆ ಅಂತ ಕಳಿಸಿದ್ದಾರೆ," ಅಂದರು ಇನ್‌ಸ್ಪೆಕ್ಟರು. "ಗಸ್ತಿಗೆ ಹೊಂದುತ್ತೆ ಅಂತ ಮೇಲಿನೋರಿಗೆ ಅನ್ನಿಸಿದರೆ ಇಲ್ಲೇ ಇರುತ್ತೆ, ನೀನೂ ಅದರಲ್ಲೇ ಕೂತಿರ್ತೀಯ. ಹೊಂದಲ್ಲ ಅಂದರೆ ಅದು ಮಂಡ್ಯಕ್ಕೆ ವಾಪಸ್ಸು, ನೀನು ನಿನ್ನ ಕಾಲ ಮೇಲೆ. ನಿನ್ನ ಕುಂಟು ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ?"

ನನಗೆ ಆ ಡಕೋಟಾ ಗಾಡಿಗೆ ಕೈಮುಗಿಯಬೇಕು ಅನ್ನಿಸಿತು. ಸಾಯಂಕಾಲ ಹೆಂಡತಿ ಬಂದು ಚಕ್ರಕ್ಕೆ ಕುಂಕುಮ ಇಟ್ಟು ಹೋದಳು.

ಓಡಿಸಲು ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಸಾಬರ ಮೇಸ್ತ್ರಿಯನ್ನು ಗೊತ್ತು ಮಾಡಿದರು. ಅವನೂ ನಾನೂ ಚಿಕ್ಕಂದಿನಿಂದ ಮದ್ದೂರಿನ ಒಂದೇ ಬೀದಿಯಲ್ಲಿ ಆಡಿದವರು. ಅವನು ಕಾರನ್ನು ಒಂದು ಸುತ್ತು ಹಾಕಿ ನೋಡಿ ಮೂಗು ಮುರಿದ. "ಇದ್ರಲ್ಲಿ ಕಳ್ಳನ್ನ ಇಡಿಯಾದಾ? ಕಳ್ಳನೇ ಬಂದು ನೂಕಿಕೊಡಬೇಕು ಕಣ್ಲಾ," ಅಂದ.

"ಬಾಯಿ ಮುಚ್ಚಲಾ," ಅಂದೆ. "ಇದು ನಿಂತರೆ ನನ್ನ ಸಂಸಾರ ಬೀದಿಗೆ ಬತ್ತದೆ."

ಅವನು ಆಮೇಲೆ ಆ ಮಾತು ಎತ್ತಲಿಲ್ಲ. ಒಳ್ಳೆಯ ಜಾಲಿ ಇದ್ದಿಲನ್ನು ಆರಿಸಿ, ಒಣಗಿಸಿ, ಚೂರು ಮಾಡಿ, ಚೀಲದಲ್ಲಿ ತುಂಬಿಟ್ಟುಕೊಳ್ಳೋನು.

ಇನ್ನು ಆ ಕಾರಿನ ಗುಣ ಹೇಳಬೇಕು. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಬೆಳಿಗ್ಗೆ ಡ್ರಮ್ಮಿಗೆ ಇದ್ದಿಲು ತುಂಬಿ, ಕೆಳಗಿನ ಸಣ್ಣ ಬಾಗಿಲಲ್ಲಿ ಬೆಂಕಿ ಇಟ್ಟು, ಗಾಳಿಯ ಚಕ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋದ ಮೇಲೆ ಅದಕ್ಕೆ ಉಸಿರು ಬರೋದು. ಅಷ್ಟು ಹೊತ್ತಿಗೆ ಎತ್ತಿನ ಗಾಡಿಯಾದರೆ ಒಂದು ಊರು ದಾಟಿರುತ್ತಿತ್ತು. ಏರು ಬಂದರೆ ನಾವು ಇಳಿದು ನೂಕಬೇಕು, ಅಂದರೆ ಮೇಸ್ತ್ರಿ ನೂಕಬೇಕು, ನಾನು ಒಳಗೆ ಕೂತು ನಾಚಿಕೊಳ್ಳಬೇಕು. ಅದರ ಸದ್ದು ಮುಂದಿನ ಊರಿಗೇ ಕೇಳೋದು, ಹೊಗೆ ಅದರ ಮುಂದಿನ ಊರಿಗೆ ಕಾಣೋದು. ಕಳ್ಳರು ಹೋಗುವುದು ಬದುವಿನ ಮೇಲೆ, ನಾಲೆ ಏರಿಯ ಮೇಲೆ. ನಮ್ಮದು ರಸ್ತೆ ಬಿಟ್ಟು ಒಂದು ಮಾರು ಇಳಿದರೆ ಕೆಸರಲ್ಲಿ ಕೂತುಬಿಡೋದು. ಎಲ್ಲಕ್ಕಿಂತ ದೊಡ್ಡ ಪೀಡೆ ಅಂದರೆ ಅದು ದಾರಿಯಲ್ಲಿ ಪದೇ ಪದೇ ನಿಲ್ಲೋದು. ಬೂದಿ ಕಟ್ಟಿಕೊಂಡಾಗೆಲ್ಲ ನಿಲ್ಲಿಸಿ, ಕೆಳಗಿನ ಬಾಗಿಲು ತೆಗೆದು, ಕೆಂಡ ಕೆದಕಿ ಈಚೆಗೆಳೆದು, ಹೊಸ ಇದ್ದಿಲು ಹಾಕಿ, ಮತ್ತೆ ಚಕ್ರ ತಿರುಗಿಸಬೇಕು. ಕೂತು ಕೂತು ನನಗೆ ತಲೆ ಚಿಟ್ಟು ಹಿಡಿಯೋದು. ಇಂಥದ್ದನ್ನು ಯಾರು ತಾನೇ ಗಸ್ತಿಗೆ ಹೊಂದುತ್ತೆ ಅಂತ ಬರೆಯುತ್ತಾರೆ, ನನ್ನ ಗತಿ ಏನು ಅಂತ ಒಂದೇ ಯೋಚನೆ.

ಮಳವಳ್ಳಿ ದಾರಿಯ ಒಂದು ಊರಿನ ಅರಳಿಕಟ್ಟೆಯ ಹತ್ತಿರ ಮೊದಲ ಸಲ ಹೀಗೆ ನಿಂತಾಗ ಒಬ್ಬಳು ಮುದುಕಿ ಬಂದಳು. ಕೈಯಲ್ಲಿ ಒಂದು ಬೆರಣಿ. ಮೇಸ್ತ್ರಿ ಈಚೆಗೆಳೆದ ಕೆಂಡವನ್ನೇ ನೋಡುತ್ತ ನಿಂತಳು. ಪೊಲೀಸರ ಗಾಡಿ ಅನ್ನುವ ಹೆದರಿಕೆ ಒಂದಿಷ್ಟೂ ಇರಲಿಲ್ಲ.

"ಒಂದ್ ಕೆಂಡ ಕೊಡಪ್ಪ, ಒಲೆ ಅಚ್ಚಬೇಕು," ಅಂದಳು.

"ಅಜ್ಜಿ, ಇದು ಸರ್ಕಾರಿ ಗಾಡಿ," ಅಂದೆ.

"ಬೂದಿಗೆ ಸುರಿಯೋದನ್ನ ನನ್ನ ಬೆರಣಿ ಮ್ಯಾಕೆ ಸುರಿ. ಸರ್ಕಾರ ಏನ್ ಬಡವಾಯ್ತದಾ?"

ಮೇಸ್ತ್ರಿ ನನ್ನ ಮುಖ ನೋಡದೆ ಎರಡು ಕೆಂಡ ಎತ್ತಿ ಬೆರಣಿಯ ಮೇಲಿಟ್ಟ. ಅವಳು ಸೆರಗು ಮರೆಮಾಡಿ, ಉಫ್ ಉಫ್ ಅಂತ ಊದಿಕೊಂಡು ಹೊರಟಳು. ಅಷ್ಟೇ ಸಾಕಾಯಿತು. ಮುಂದಿನ ಸಲ ಹೋಗುವಷ್ಟರಲ್ಲಿ ಕಟ್ಟೆಯ ಮುಂದೆ ಆರೇಳು ಹೆಂಗಸರು, ಬೆರಣಿ, ತೆಂಗಿನ ಚಿಪ್ಪು, ಒಡಕು ಮಡಕೆ ಹಿಡಿದುಕೊಂಡು ಕಾಯುತ್ತಿದ್ದರು.

ಈಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಯುದ್ಧದಲ್ಲಿ ಬೆಂಕಿಪೊಟ್ಟಣಕ್ಕೂ ಬರ ಬಂದಿತ್ತು. ಹಳ್ಳಿಗಳಲ್ಲಿ ಮೊದಲಿನಿಂದಲೂ ಪಕ್ಕದ ಮನೆಯ ಒಲೆಯಿಂದ ಕೆಂಡ ತಂದೇ ಒಲೆ ಹಚ್ಚುವುದು. ಆದರೆ ಅದಕ್ಕೆ ಸಾವಿರ ಕಟ್ಟುಪಾಡು. ಶುಕ್ರವಾರ ಬೆಂಕಿ ಈಚೆ ಕೊಡಬಾರದು, ದೀಪ ಹಚ್ಚಿದ ಮೇಲೆ ಕೊಡಬಾರದು, ಬಾಣಂತಿ ಇರುವ ಮನೆಯಿಂದ ಕೊಡಬಾರದು. ನಿನ್ನೆ ಜಗಳ ಆಡಿದವಳ ಮನೆಗೆ ಇವತ್ತು ಹೋಗಿ ಕೇಳುವ ಹಾಗಿಲ್ಲ. ಮೇಲಿನ ಬೀದಿಯ ಒಲೆಯ ಕೆಂಡ ಕೆಳಗಿನ ಬೀದಿಗೆ ಇಳಿಯುವ ಹಾಗೇ ಇಲ್ಲ. ನಮ್ಮ ಡ್ರಮ್ಮಿನ ಬೆಂಕಿಗೆ ಈ ಯಾವ ಕಾಟವೂ ಇರಲಿಲ್ಲ. ಅದು ಯಾರ ಮನೆಯದೂ ಅಲ್ಲವಲ್ಲ. ಎರಡೂ ಬೀದಿಯ ಹೆಂಗಸರು ಒಂದಿಷ್ಟು ಜಾಗ ಬಿಟ್ಟುಕೊಂಡು ನಿಂತು, ಒಂದೇ ಬಾಗಿಲಿನ ಕೆಂಡ ಒಯ್ಯೋರು. ಶುಕ್ರವಾರವಂತೂ ಜಾತ್ರೆ.

ನಿಂತ ಹೆಂಗಸರು ಸುಮ್ಮನೆ ನಿಲ್ಲುತ್ತಾರೆಯೇ? ಮೇಸ್ತ್ರಿ ಬೂದಿ ಕೆದಕುವಷ್ಟು ಹೊತ್ತೂ ಮಾತು. ಯಾರ ಮನೆಗೆ ಯಾರು ಬಂದರು, ಯಾರ ಗಂಡ ಯಾವ ಊರಿಗೆ ಹೋದ. ನಾನು ಒಳಗೆ ಕಾಲು ಚಾಚಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಪೊಲೀಸರ ಹತ್ತಿರ ನಿಂತರೆ ಊರು ಸುಮ್ಮನಿರುವುದಿಲ್ಲ, ಏನು ಚಾಡಿ ಹೇಳಿದೆ ಅಂತ ಜೀವ ತಿನ್ನುತ್ತದೆ. ಕೆಂಡಕ್ಕೆ ನಿಂತಿದ್ದೆ ಅಂದರೆ ಯಾರೂ ಚಕಾರ ಎತ್ತುವ ಹಾಗಿಲ್ಲ. ನಡೆದು ಹೋಗುತ್ತಿದ್ದಾಗ ಪಟೇಲನ ಬಾಯಿಂದ ಕೇಳುತ್ತಿದ್ದ 'ಎಲ್ಲ ಕ್ಷೇಮ'ಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ. ಹೀಗೆ ಕೇಳಿಸಿಕೊಂಡೇ ಕಳುವಾದ ಎತ್ತುಗಳು ಒಂದೊಂದಾಗಿ ಸಿಗತೊಡಗಿದವು. ಇನ್‌ಸ್ಪೆಕ್ಟರ ಬೈಗುಳ ಮೆತ್ತಗಾಯಿತು. ನನ್ನ ಹೆಂಡತಿ ಮಕ್ಕಳ ತಲೆಗೆ ಎಣ್ಣೆ ಹಚ್ಚುತ್ತ ಹಾಡು ಗುನುಗುವುದು ಬಹಳ ದಿನದ ಮೇಲೆ ಕೇಳಿಸಿತು. ನಾನು ಮಾತ್ರ ದಣಿದೇ ಇದ್ದೆ. ಕೂತರೂ ಮೊಣಕಾಲು ನೋಯುತ್ತಿತ್ತು, ರಸ್ತೆಯ ಒಂದೊಂದು ಗುಂಡಿಯೂ ಅದರೊಳಕ್ಕೇ ಇಳಿಯುತ್ತಿತ್ತು.

ಪರೀಕ್ಷೆಯ ದಿನ ಮಂಡ್ಯದಿಂದ ದೊಡ್ಡ ಸಾಹೇಬರು ಬಂದರು, ಜಿಲ್ಲೆಯ ಪೊಲೀಸರಿಗೆಲ್ಲ ಮೇಲಿನವರು. ಗಾಡಿಯಲ್ಲಿ ತಾವೇ ಕೂತು ನೋಡುತ್ತೇನೆ ಅಂದರು. ಇನ್‌ಸ್ಪೆಕ್ಟರು ಹಿಂದೆ, ಸಾಹೇಬರು ಮುಂದೆ, ನಾನು ಇನ್‌ಸ್ಪೆಕ್ಟರ ಪಕ್ಕದಲ್ಲಿ. ಮೇಸ್ತ್ರಿ ಹಿಂದಿನ ದಿನವೇ ಡ್ರಮ್ಮನ್ನು ಬಿಚ್ಚಿ ಉಜ್ಜಿದ್ದ. ಆದರೂ ಆ ಅರಳಿಕಟ್ಟೆಯ ಮುಂದೆ ಸರಿಯಾಗಿ ಕೆಮ್ಮಿ ಕೆಮ್ಮಿ ನಿಂತಿತು. ನಿಂತ ತಕ್ಷಣ ಹೆಂಗಸರು ಬೆರಣಿ ಹಿಡಿದು ಸುತ್ತಿಕೊಂಡರು. ಸಾಹೇಬರು ಏನೂ ಅರ್ಥವಾಗದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಕೆಂಡದಜ್ಜಿ, ಆ ಮೊದಲ ದಿನದ ಮುದುಕಿಗೆ ನಾನಿಟ್ಟ ಹೆಸರು ಅದು, ಯಾರನ್ನೂ ಲೆಕ್ಕಿಸದೆ ಮುಂದೆ ಬಂದು ಬೆರಣಿ ಒಡ್ಡಿದಳು. ಹಿಂದೆ ನಿಂತವಳ ಹತ್ತಿರ ಮಾತಾಡುತ್ತಲೇ ಇದ್ದಳು.

"ಸುಣ್ಣದ ಗೂಡಿನ ಇಂದ್ಗಡೆ ಯಾವನೋ ಪರವೂರೋನು ಜೋಡಿ ಎತ್ತು ಕಟ್ಟವ್ನೆ. ಕೊಂಬು ಎರೀತಾ ಕುಂತವ್ನೆ ಕಣವ್ವ. ಉಳೋ ಒತ್ನಲ್ಲಿ ಯಾರಾರ ಕೊಂಬು ಎರೀತಾರಾ?"

ನಾನು ಕಣ್ಣು ಬಿಟ್ಟೆ. ಕೊಂಬು ಹೆರೆದರೆ ಎತ್ತಿನ ಚಹರೆಯೇ ಬದಲಾಗುತ್ತದೆ. ಸಾಕಿದವನೂ ಒಂದು ಗಳಿಗೆ ಅನುಮಾನ ಪಡುತ್ತಾನೆ. ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದೆ. ಅವರೂ ಆ ಊರಿನ ತಳವಾರನೂ ಸುಣ್ಣದ ಗೂಡಿನ ಕಡೆ ನಡೆದರು. ಮೇಸ್ತ್ರಿ ಚಕ್ರ ತಿರುಗಿಸಿ ಗಾಡಿಗೆ ಉಸಿರು ತರಿಸುವಷ್ಟರಲ್ಲಿ ಕಳ್ಳನನ್ನೂ ಎತ್ತುಗಳನ್ನೂ ಹಿಡಿದುಕೊಂಡು ಬಂದರು.

ಸಾಹೇಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಜನಕ್ಕೆ ಈ ಕಾರಿನ ಮೇಲೆ ಎಷ್ಟು ವಿಶ್ವಾಸ!" ಅಂದರು. "ಇದು ಗಸ್ತಿಗೆ ಹೊಂದುತ್ತೆ, ನಾನು ಹಾಗೇ ಬರೀತೀನಿ." ನನ್ನ ಕಡೆ ತಿರುಗಿ ಕೇಳಿದರು, "ಇದರಲ್ಲಿ ದಿನಾ ತಿರುಗೋನು ನೀನು. ಏನು ತೊಂದರೆ ಇದೆ ಹೇಳಪ್ಪ."

"ನಿಂತುಬಿಡುತ್ತೆ ಬುದ್ಧಿ," ಅಂದೆ. "ಅದೊಂದು ಇಲ್ಲದಿದ್ದರೆ ದಿನಕ್ಕೆ ಇನ್ನೂ ಅಷ್ಟು ಊರು ನೋಡಬಹುದು."

ಅವರು ಇನ್‌ಸ್ಪೆಕ್ಟರಿಗೆ ಹೇಳಿದರು, ಇಂಥ ಕೆಲಸಗಾರರಿಗೆ ಇದ್ದಿಲಿನ ಕಾಟ ಬೇಡ, ನಾನು ಪೆಟ್ರೋಲಿಗೆ ವ್ಯವಸ್ಥೆ ಮಾಡುತ್ತೇನೆ. ಮಾತಿಗೆ ತಪ್ಪಲಿಲ್ಲ. ಯುದ್ಧದ ಕೊನೆಯ ದಿನಗಳು, ಅಲ್ಲಿ ಇಲ್ಲಿ ಪೆಟ್ರೋಲು ಕಣ್ಣಿಗೆ ಬೀಳತೊಡಗಿತ್ತು. ಡ್ರಮ್ಮು ಬಿಚ್ಚಿ ಇನ್ನಾವುದೋ ಗಾಡಿಗೆ ಅಂತ ಮಂಡ್ಯಕ್ಕೆ ಒಯ್ದರು. ಪೆಟ್ರೋಲು ಹಾಕಿದ ದಿನ ನಾವು ತೆಂಗಿನಕಾಯಿ ಒಡೆದೆವು. ಹೋಳನ್ನು ನಾನೇ ಎಲ್ಲರಿಗೂ ಹಂಚಿದೆ.

ಆ ಕಾರು ಆಮೇಲೆ ಹೂವಿನ ಹಾಗೆ ಓಡಿತು. ಹೊಗೆ ಇಲ್ಲ, ಕೆಮ್ಮಿಲ್ಲ, ನೂಕುವುದಿಲ್ಲ. ಮದ್ದೂರು ಬಿಟ್ಟರೆ ಮಳವಳ್ಳಿ, ಮಳವಳ್ಳಿ ಬಿಟ್ಟರೆ ಹಲಗೂರು. ಅರಳಿಕಟ್ಟೆಯ ಮುಂದೆ ಹೆಂಗಸರು ಕೆಲವು ದಿನ ಬೆರಣಿ ಹಿಡಿದು ನಿಂತೇ ಇದ್ದರು. ಅವರ ಮುಖಕ್ಕೆ ಧೂಳೆರಚಿ ನಾವು ದಾಟಿಹೋಗುತ್ತಿದ್ದೆವು. ಬರಬರುತ್ತ ಅವರು ನಿಲ್ಲುವುದನ್ನು ಬಿಟ್ಟರು. ಕಳುವಿನ ಎತ್ತುಗಳೂ ಸಿಗುವುದು ನಿಂತುಹೋಯಿತು.

ಯಾಕೆ ಅಂತ ಹೊಳೆಯಲು ನನಗೆ ಬಹಳ ದಿನ ಬೇಕಾಯಿತು. ಹೊಳೆದ ಮೇಲೆ ಬೇಕಂತಲೇ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ. ಒಂದು ನರಪಿಳ್ಳೆ ಹತ್ತಿರ ಬರಲಿಲ್ಲ. ಬಾಗಿಲ ಸಂದಿಯಿಂದ ನೋಡೋರು, ಒಳಗೆ ಹೋಗೋರು. ಕೈಯಲ್ಲಿ ಬೆರಣಿ ಇಲ್ಲದೆ ಪೊಲೀಸು ಕಾರಿನ ಮುಂದೆ ಯಾರು ಬಂದು ನಿಲ್ಲುತ್ತಾರೆ?

"ನಮ್ಮ ಕೆಂಡ ಓಯ್ತು, ನಮ್ಮ ಸುದ್ದಿನೂ ಓಯ್ತು ಕಣ್ಲಾ," ಅಂದ ಮೇಸ್ತ್ರಿ, ಸ್ಟೇರಿಂಗಿನ ಮೇಲೆ ಗದ್ದ ಇಟ್ಟುಕೊಂಡು.

ಇನ್‌ಸ್ಪೆಕ್ಟರ ಹತ್ತಿರ ಹೋಗಿ, ಆ ಡ್ರಮ್ಮನ್ನು ವಾಪಸ್ಸು ತರಿಸಿಕೊಡಿ ಅಂತ ಕೇಳಿದೆ. ಕಾರಣವನ್ನೂ ಬಿಡಿಸಿ ಹೇಳಿದೆ. "ನೀನು ಹೇಳೋದು ನಿಜ ಇರಬಹುದು," ಅಂದರು. "ಆದರೆ ಪೆಟ್ರೋಲು ಕೊಟ್ಟ ಮೇಲೆ ಮತ್ತೆ ಇದ್ದಿಲು ಕೊಡಿ ಅಂತ ಹೆಂಗಯ್ಯ ಬರೀಲಿ? ಗಾಡಿ ನಿಲ್ಲಲಿ ಅಂತ ಕೇಳೋ ಪೊಲೀಸರು ಎಲ್ಲಾದರೂ ಉಂಟಾ? ನನಗೆ ತಲೆ ಕೆಟ್ಟಿದೆ ಅಂತಾರೆ."

ಸುಗ್ಗಿ ಮುಗಿಯುವ ಹೊತ್ತಿಗೆ ಮಂಡ್ಯದಿಂದ ಆರ್ಡರು ಬಂತು. ಪೆಟ್ರೋಲು ಸುಡುತ್ತದೆ, ಎತ್ತು ಸಿಗುವುದಿಲ್ಲ, ಕಾರು ಹಳ್ಳಿಯ ಗಸ್ತಿಗೆ ಹೊಂದುವುದಿಲ್ಲ. ಮೇಸ್ತ್ರಿ ಅದನ್ನು ಮಂಡ್ಯಕ್ಕೆ ಬಿಟ್ಟು ಬಸ್ಸಿನಲ್ಲಿ ವಾಪಸ್ಸು ಬಂದ. ಲೈನಿನ ತನಕ ಬಂದು, ನನ್ನ ಜೊತೆ ಜಗಲಿಯ ಮೇಲೆ ಒಂದಷ್ಟು ಹೊತ್ತು ಕೂತು ಎದ್ದು ಹೋದ. ಮಾರನೆಯ ಬೆಳಿಗ್ಗೆ ಹೆಂಡತಿ ನನ್ನ ಮೊಣಕಾಲಿಗೆ ಬಟ್ಟೆ ಬಿಗಿದು ಕಟ್ಟಿದಳು. ಅದರ ಮೇಲೆ ನಾನು ಪಟ್ಟಿ ಸುತ್ತಿಕೊಂಡೆ.

ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಆ ಅರಳಿಕಟ್ಟೆ ಕಂಡಾಗ ಇನ್ನೊಂದು ಹೆಜ್ಜೆ ಇಡುವ ಶಕ್ತಿ ಇರಲಿಲ್ಲ. ಕೆಂಡದಜ್ಜಿಯ ಮನೆ ಎದುರಿಗೇ ಇತ್ತು. ಕೇಳದೆಯೇ ಅವಳ ಜಗಲಿಯ ಮೇಲೆ ಕುಸಿದು ಕೂತೆ. ಮೊಣಕಾಲು ಪಟ್ಟಿಯೊಳಗೆ ಊದಿ ಬಿರಿಯುತ್ತಿತ್ತು. ಅವಳು ಈಚೆ ಬಂದು ನೋಡಿ, ಒಳಗೆ ಹೋಗಿ ಮಜ್ಜಿಗೆ ತಂದಳು.

"ಗಾಡಿ ಎಲ್ಲಪ್ಪ?"

"ಓಯ್ತು ಕಣಜ್ಜಿ. ಕಿತ್ಕೊಂಡ್ರು."

ಅವಳು ಲೊಚಗುಟ್ಟಿದಳು. ನಾನು ಬೀಡಿ ತೆಗೆದು ಕಿವಿಯ ಮೇಲಿಟ್ಟುಕೊಂಡು ಬೆಂಕಿಗೆ ತಡಕಾಡಿದೆ. ಅವಳು ಇಕ್ಕಳದಲ್ಲಿ ಒಂದು ಕೆಂಡ ಹಿಡಿದುಕೊಂಡು ಬಂದು ಮುಂದೆ ಚಾಚಿದಳು.

"ಅಚ್ಕೊ. ನಿಮ್ಮ ಗಾಡೀದೇ ಕಣಪ್ಪ ಇದು. ಕಡೇ ಸಲ ಕೊಟ್ಟಿದ್ರಲ್ಲಾ, ಆವತ್ತಿಂದ ಆರಕ್ಕೆ ಬುಟ್ಟಿಲ್ಲ. ದಿನಾ ಬೂದಿ ಮುಚ್ಚಿ ಮಡಗ್ತೀನಿ. ಈಗ ಎಲ್ರೂ ಇಲ್ಲಿಂದಲೇ ತಕ್ಕೋಯ್ತಾರೆ."

ಬೀಡಿ ಹಚ್ಚಿಕೊಂಡೆ. ಅಳು ಬಂದುಬಿಟ್ಟಿತು, ಮುಚ್ಚಿಡುವುದಕ್ಕೂ ಆಗಲಿಲ್ಲ. ಅವಳು ಹೊಗೆ ಕಣ್ಣಿಗೆ ಹೋಯಿತೇನೋ ಅನ್ನುವವಳ ಹಾಗೆ ಆಚೆ ತಿರುಗಿ ನಿಂತಳು. ಆಮೇಲೆ ಯಾರದೋ ಗಾಡಿ ಕಟ್ಟಿಸಿ, ಹುಲ್ಲು ಹಾಸಿ, ನನ್ನನ್ನು ಮಲಗಿಸಿ ಮದ್ದೂರಿಗೆ ಕಳಿಸಿದಳು.

ಈ ಸಲ ಡಾಕ್ಟರು ಬರೆಯಲೇಬೇಕಾಯಿತು. ಬರೆದರು, ನನ್ನ ಮುಖ ನೋಡಲಿಲ್ಲ. ಕೆಲಸ ಹೋಯಿತು. ಇನ್‌ಸ್ಪೆಕ್ಟರು ತಮ್ಮ ಕೈಲಾದಷ್ಟು ದಿನ ಲೈನಿನ ಮನೆ ಬಿಡಿಸದೆ ತಡೆದರು. ಆಮೇಲೆ ಅವರಿಗೂ ಆಗಲಿಲ್ಲ. ಮೇಸ್ತ್ರಿ ತನ್ನ ಮನೆಯ ಹಿಂದಿನ ಕೊಟ್ಟಿಗೆಯನ್ನು ಗುಡಿಸಿ ಸಾರಿಸಿ ಕೊಟ್ಟ. ನಮ್ಮ ಪಾತ್ರೆ, ಚಾಪೆ, ನನ್ನ ತಾಯಿ, ಮಕ್ಕಳು, ಎಲ್ಲ ಅವನು ತಂದ ಒಂದೇ ಎತ್ತಿನ ಗಾಡಿಯಲ್ಲಿ ಹಿಡಿಸಿತು.

ಲೈನಿನಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಯಾವಾಗಲೋ ಬಿಟ್ಟುಹೋದವರ ಒಲೆಯಿಂದ ಸೂರಿಗೆ ಬೆಂಕಿ ಹತ್ತಿತ್ತಂತೆ. ಅಂದಿನಿಂದ ಮನೆ ಒಪ್ಪಿಸುವವರು ದಫೇದಾರರ ಕಣ್ಣೆದುರಿಗೆ ಒಲೆಗೆ ನೀರು ಹೊಯ್ದು ಆರಿಸಿ, ಬೀಗ ಕೊಡಬೇಕು. ದಫೇದಾರರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರೂ ಮನೆ ಮಕ್ಕಳು ಇರುವವರೇ, ನೆಲ ನೋಡುತ್ತ ನಿಂತಿದ್ದರು. ಬೆಳಿಗ್ಗೆ ಮಕ್ಕಳಿಗೆ ಗಂಜಿ ಕಾಯಿಸಿದ ಕೆಂಡ ಒಲೆಯಲ್ಲಿ ಇನ್ನೂ ಕೆಂಪಗಿತ್ತು.

ಹೆಂಡತಿಯ ಕೈಗೆ ತಂಬಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಉರಿಯೋ ಒಲೆಗೆ ನನ್ನ ಕೈಯಾರೆ ನೀರು ಹುಯ್ಯಲ್ಲ," ಅಂದಳು. "ಬೇಕಾದ್ರೆ ನೀವೇ ಹುಯ್ಯಿರಿ."

ಗೋಡೆ ಹಿಡಿದುಕೊಂಡು ಬಗ್ಗಿದೆ. ಬಗ್ಗಲು ಮೊಣಕಾಲು ಬಿಡಲಿಲ್ಲ, ದಫೇದಾರರು ಬಂದು ರಟ್ಟೆ ಹಿಡಿದುಕೊಂಡರು. ನೀರು ಹೊಯ್ದೆ. ಚೊಂಯ್ ಅಂದಿತು, ಬೂದಿ ಎದ್ದು ಮುಖಕ್ಕೆ ಬಂತು. ಬೀಗದ ಕೈ ಅವರಿಗೆ ಕೊಟ್ಟು ಗಾಡಿ ಹತ್ತಿದೆ.